ಮೇಷ್ಟ್ರು ಖರ್ಚು ಮಾಡದ ಪದ

ಇಂಗ್ಲಿಷಿನಲ್ಲಿ ಡಿಪ್ರಾವಿಟಿ ಎಂದೊಂದು ಪದವಿದೆ. ನಿಘಂಟು ತೆರೆದರೆ ನೀತಿಗೆಟ್ಟತನ, ದುರಾಚಾರ ಎಂದೆಲ್ಲ ಅರ್ಥ ಸಿಗುತ್ತದೆ. ಈಚೆಗಂತೂ ಟೀವಿಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಈ ಪದವನ್ನು ಉಪ್ಪಿನಕಾಯಿಯ ಹಾಗೆ ನೆಂಚಿಕೊಳ್ಳುತ್ತಾರೆ. ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಅದರ ತೂಕ ಎಷ್ಟೆಂದು ನನಗೆ ತಿಳಿಸಿಕೊಟ್ಟವರು ಸಾಸಲು ಹೋಬಳಿಯ ಒಂದು ಹಳ್ಳಿಯ ಇಂಗ್ಲಿಷ್ ಮೇಷ್ಟ್ರು. ತಿಳಿಸಿಕೊಟ್ಟದ್ದು, ನನ್ನ ಕೆಲಸವೇ ಹೋಗುವುದರಲ್ಲಿದ್ದ ಒಂದು ಸಂಜೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾನು ಅಲ್ಲಿಯ ಮಿಡ್ಲ್ ಸ್ಕೂಲಿಗೆ ಲೆಕ್ಕದ ಟೀಚರಾಗಿ ಹೋಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪ ತೀರಿಕೊಂಡಿದ್ದರು, ದೊಡ್ಡಬಳ್ಳಾಪುರದಲ್ಲಿ ಅಮ್ಮನೂ ತಮ್ಮಂದಿರೂ ನನ್ನ ಸಂಬಳವನ್ನೇ ನಂಬಿಕೊಂಡಿದ್ದರು. ನನ್ನ ವಾಸ ಮೇಷ್ಟ್ರ ಮನೆಯ ಹಿತ್ತಿಲ ಕೋಣೆಯಲ್ಲಿ. ಮೇಷ್ಟ್ರು ನಶ್ಯದ ಮನುಷ್ಯ. ಪಾಠದ ನಡುವೆ ಸೀನಿದರೆ ಅರ್ಧ ವಾಕ್ಯ ಎಲ್ಲಿಗೆ ಹಾರಿತೋ ಎಂದು ಮಕ್ಕಳು ಹುಡುಕಬೇಕು. ಆದರೆ ಪದಗಳ ವಿಷಯದಲ್ಲಿ ಮಹಾ ಹಟಮಾರಿ. ಯಾರಾದರೂ ಒಂದು ಪದದ ಅರ್ಥ ಒಪ್ಪಿಸಿದರೆ, "ಎಲ್ಲಿ ನೋಡಿದ್ದೀಯ, ಹೇಳು" ಎನ್ನುತ್ತಿದ್ದರು. ಮೊದಲು ನೋಡಬೇಕು, ಆಮೇಲೆ ಪದ ಹಾಕಬೇಕು ಎಂಬುದು ಅವರ ಪಾಠ.

ನನ್ನ ಏಳನೇ ಕ್ಲಾಸಿನಲ್ಲಿ ಒಬ್ಬ ಚುರುಕು ಹುಡುಗಿ ಇದ್ದಳು. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಾಗಲೇ ಅವಳು ದೊಡ್ಡವಳಾದಳು. ಆ ಕಡೆ ಹೆಣ್ಣುಮಗು ಮೈನೆರೆದರೆ ಸೋದರಮಾವ ತೆಂಗಿನ ಗರಿ, ಹಸಿ ಸೊಪ್ಪು ತಂದು ಮನೆಯ ಹೊರಗೆ ಗುಡ್ಲು ಹಾಕುತ್ತಾನೆ. ಶಾಸ್ತ್ರ ಮುಗಿಯುವವರೆಗೆ ಹುಡುಗಿಯ ಊಟ, ನಿದ್ದೆ ಎಲ್ಲ ಅದರಲ್ಲೇ. ಯಾರೂ ಮುಟ್ಟುವಂತಿಲ್ಲ, ಮೈಲಿಗೆ. ಹಾಗೆ ಗುಡ್ಲು ಸೇರಿದ ಹುಡುಗಿಯರು ಮತ್ತೆ ಸ್ಕೂಲಿಗೆ ಬಂದದ್ದು ಕಡಿಮೆ. ನನಗೆ ತಡೆಯಲಾಗಲಿಲ್ಲ. ಸ್ಕೂಲು ಬಿಟ್ಟ ಮೇಲೆ ಹೋಗಿ ಗುಡ್ಲ ಬಾಗಿಲಲ್ಲಿ ಕೂತು, ಅವಳ ಸ್ಲೇಟು ಇಸಕೊಂಡು ಭಿನ್ನರಾಶಿ ಹೇಳಿಕೊಟ್ಟೆ. ಅಲ್ಲಿಂದ ನೆಟ್ಟಗೆ ಸೇದೋ ಬಾವಿಗೆ ಹೋಗಿ ನೀರು ಸೇದಿದೆ. ಸ್ನಾನ ಗೀನ ಏನಿಲ್ಲ. ಊರು ನೋಡಲಿ ಎಂದೇ ಸೇದಿದೆ.

ಊರು ನೋಡಿತು. ಮಾರನೆಯ ಸಂಜೆ ಹುಡುಗಿಯ ಸೋದರಮಾವ ಕೆಲವು ಹಿರಿಯರನ್ನು ಕಟ್ಟಿಕೊಂಡು ಮೇಷ್ಟ್ರ ಜಗಲಿಗೆ ಬಂದ. ಊರಿನ ಅರ್ಜಿಗಳನ್ನೆಲ್ಲ ಮೇಷ್ಟ್ರೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಇಂಗ್ಲಿಷ್ ಪದ ಭಾರವಾದಷ್ಟೂ ಸಾಹೇಬರು ಬೇಗ ಎದ್ದು ಕೂರುತ್ತಾರೆ ಎಂಬುದು ಊರಿನ ನಂಬಿಕೆ. ಬಸ್ಸು ನಿಲ್ಲಿಸಲಿಲ್ಲ ಎಂಬ ದೂರಿಗೂ ಕೊಲೆ ಕೇಸಿನ ಪದವೇ ಬೇಕು ಅವರಿಗೆ. ನಾನು ಒಳಗೆ ಮೇಷ್ಟ್ರ ಹೆಂಡತಿಯ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ.

"ಮೇಷ್ಟ್ರೇ, ಆ ಟೀಚರಮ್ಮನ ಮೇಲೆ ಒಂದು ಅರ್ಜಿ ಬರ್ಕೊಡಿ," ಎಂದ ಸೋದರಮಾವ. "ಅದೆಂಥದೋ ಡಿಪ್ರಾವಿಟಿ ಅಂತ ಐತಂತಲ್ಲ, ವಕೀಲ್ರ ತಾವ ಕೇಳ್ಕೊಂಬಂದೆ. ಅದನ್ನ ಹಾಕಿ. ಒಂದೇ ಏಟ್ಗೆ ಕೆಲ್ಸ ಹೋಯ್ತದಂತೆ."

ಮೇಷ್ಟ್ರು ಕಾಗದ ತೆಗೆದ ಸದ್ದು ಕೇಳಿಸಿತು. ಅಮ್ಮನಿಗೆ ಏನು ಹೇಳುವುದು?

"ಬರೀತೀನಪ್ಪಾ," ಎಂದರು ಮೇಷ್ಟ್ರು. "ಆದ್ರೆ ಆ ಪದ ಶಾಸ್ತ್ರ ಮೀರಿದೋರಿಗಲ್ಲ, ತಪ್ಪು ಮಾಡಿದೋರಿಗೂ ಅಲ್ಲ. ಕುಂಬಳಕಾಯಿಗೆ ಹೊರಗೆ ಗೀರು ಬಿದ್ರೂ ಹುಳಿಗೆ ಆಗುತ್ತೆ. ತಿರುಳೇ ಕೊಳೆತಿದ್ರೆ? ಹಂಗೆ ಮನಸ್ಸಿನ ತಿರುಳೇ ಕೊಳೆತು, ಇನ್ನೊಬ್ಬರನ್ನ ಕೆಡಿಸೋದ್ರಲ್ಲೇ ಸುಖ ಪಡೋನಿಗೆ ಈ ಪದ. ಇಷ್ಟು ವರ್ಷದಲ್ಲಿ ಒಬ್ಬರ ಮೇಲೂ ಬರೆದಿಲ್ಲ ನಾನು. ಇದನ್ನ ಟೀಚರಮ್ಮನ ಮೇಲೆ ಖರ್ಚು ಮಾಡಿಬಿಟ್ರೆ, ನಾಳೆ ನಿಜವಾಗ್ಲೂ ಕೊಳೆತೋನು ಊರಿಗೆ ಬಂದಾಗ ಏನು ಬರೀಲಿ?"

"ಹಂಗಾರೆ ಆವಮ್ಮ ಮಾಡಿದ್ದು ಸರಿನಾ?" ಎಂದು ಹಿರಿಯರೊಬ್ಬರು ಗುಡುಗಿದರು.

"ಸರಿ ಅಂದ್ನಾ ನಾನು? ನೋಡಿದ್ದು ಹೇಳಿ. ಅದನ್ನ ಬರೀತೀನಿ."

ಅವರು ಹೇಳಿದರು, ಮೇಷ್ಟ್ರು ಬರೆದರು. ಆಮೇಲೆ ಕನ್ನಡದಲ್ಲಿ ಓದಿ ಹೇಳಿದರು: "ಟೀಚರಮ್ಮನವರು ಗುಡ್ಲ ಬಾಗಿಲಲ್ಲಿ ಕೂತು, ಪರೀಕ್ಷೆಗೆಂದು ನಮ್ಮ ಹುಡುಗಿಗೆ ಲೆಕ್ಕ ಹೇಳಿಕೊಟ್ಟರು. ಸ್ನಾನ ಮಾಡದೆ ಬಾವಿಯ ನೀರು ಸೇದಿದರು. ಆದ್ದರಿಂದ ಅವರನ್ನು ಕೆಲಸದಿಂದ ತೆಗೆಯಬೇಕು."



"ಇಷ್ಟೇನಾ?" ಎಂದ ಸೋದರಮಾವ.

"ಇಷ್ಟೇ ಕಣಪ್ಪಾ ನೀನು ಹೇಳಿದ್ದು. ಹೆಬ್ಬೆಟ್ಟು ಒತ್ತು."

ಅವನು ಒತ್ತಲಿಲ್ಲ. "ನಮ್ಮುಡುಗೀಗೆ ಪಾಠ ಹೇಳ್ಕೊಟ್ಟೋರ ಮೇಲೆ ನಾವೇ ದೂರು ಕೊಟ್ಟಂಗಾಯ್ತದಲ್ಲ ಮೇಷ್ಟ್ರೇ," ಎಂದು ಟವೆಲ್ ಕೊಡವಿಕೊಂಡು ಎದ್ದ.

ಮೇಷ್ಟ್ರನ್ನು ನಾನು ಮೆಚ್ಚದ ದಿನವಿಲ್ಲ. ಆದರೆ ವಯಸ್ಸಾದಂತೆ ಆ ಸೋದರಮಾವನ ಮೇಲೂ ಅಷ್ಟೇ ಗೌರವ ಬೆಳೆದಿದೆ. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವರಿಗೆ ಬರವಿತ್ತೇ? ಕೇಳಿದ ಪದ ಬರೆದುಕೊಡುತ್ತಿದ್ದರು. ಅವನು ಹೋಗಲಿಲ್ಲ. ತನ್ನ ಮಾತನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿ ನಾಚುವುದು ಸಣ್ಣವರ ಕೈಲಾಗುವ ಕೆಲಸವಲ್ಲ.

ಮರುದಿನ ಸಂಜೆ ನಾನು ಜಗಳಕ್ಕೆ ತಯಾರಾಗಿಯೇ ಗುಡ್ಲ ಹತ್ತಿರ ಹೋದೆ. ಬಾಗಿಲಲ್ಲಿ ಒಂದು ಮಣೆ ಹಾಕಿತ್ತು. ಬಚ್ಚಲ ಕಡೆಯಿಂದ ಹೊಗೆ ಬರುತ್ತಿತ್ತು. ಸೋದರಮಾವ ದೂರದಲ್ಲೇ ನಿಂತು, ನನ್ನ ಮುಖ ನೋಡದೆ ಹೇಳಿದ: "ಕೂತ್ಕಂಡು ಹೇಳ್ಕೊಡಿ ಟೀಚರಮ್ಮಾ. ಆಮೇಲೆ ಹಂಡೇಲಿ ಬಿಸಿನೀರೈತೆ, ಸ್ನಾನ ಮಾಡ್ಕೊಂಡೇ ಬಾವಿಗೋಗಿ. ಪರೀಕ್ಷೆಗೆ ನಾನೇ ಕರ್ಕೊಂಡೋಗ್ತೀನಿ ಅವ್ಳನ್ನ."

ಮೈಲಿಗೆಯಲ್ಲಿ ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೂ ಗುಡ್ಲು ಕೀಳುವವರೆಗೆ ಪ್ರತಿ ಸಂಜೆ ಆ ಮನೆಯ ಬಚ್ಚಲಲ್ಲಿ ಸ್ನಾನ ಮಾಡಿದೆ.