ಲೀನಕ್ಕನ ಮೂರು ಕಿಲೋ

ರಜೆಗೆ ಊರಿಗೆ ಹೊರಡಬೇಕೆಂದು ಇವತ್ತು ಕಪಾಟಿನಿಂದ ತೂಕದ ಕೊಕ್ಕೆ ತೆಗೆದೆ. ಅದೇ, ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿ ಎತ್ತಿದರೆ ಎಷ್ಟು ಕಿಲೋ ಎಂದು ತೋರಿಸುವಂಥದ್ದು. ಕತಾರಿನಲ್ಲಿ ಇದಿಲ್ಲದ ನಮ್ಮವರ ಮನೆ ನಾನಂತೂ ಕಂಡಿಲ್ಲ. ವಿಮಾನದವರು ಮೂವತ್ತು ಕಿಲೋ ಎಂದರೆ ನಮಗೆ ಮೂವತ್ತೇ. ಮೇಲೆ ನೂರು ಗ್ರಾಂ ಆದರೂ ಎದೆ ಹೊಡೆದುಕೊಳ್ಳುತ್ತದೆ. ನೀವು ನಗಬಹುದು, ನಕ್ಕುಬಿಡಿ.

ಈ ಕೊಕ್ಕೆ ಲೀನಕ್ಕನದು. ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯವರು, ಉಡುಪಿ ಕಡೆಯವರು. ಅವರಿಗೆ ಕೊಕ್ಕೆ ಬರಿಯ ಸಾಕ್ಷಿ. ಪೆಟ್ಟಿಗೆಯನ್ನು ಕೈಯಲ್ಲೆತ್ತಿ, ಕಣ್ಣು ಮುಚ್ಚಿ, "ಮೂವತ್ತೊಂದೂವರೆ" ಎಂದರೆ ಕೊಕ್ಕೆಯೂ ಹೌದೆನ್ನುತ್ತಿತ್ತು. ಆಮೇಲೆ ಏನು ತೆಗೆಯಬೇಕೆಂಬ ತೀರ್ಪು ನನ್ನದು. ಭಾರದ್ದು, ಹಳೆಯದು ಮೊದಲು ಹೊರಗೆ. ಈ ವಿದ್ಯೆಯಲ್ಲಿ ನಾನು ಪಂಡಿತನೆಂದು ಬಹಳ ಜಂಬವಿತ್ತು. ಪ್ರತಿ ಸಲ ಹೊರಬೀಳುವುದು ಹೆಂಡತಿಯ ಸಾಮಾನೇ ಯಾಕೆ ಎಂದು ಮಾತ್ರ ಯೋಚಿಸಿರಲಿಲ್ಲ.

ಮೂರು ವರ್ಷದ ಹಿಂದೆ ಅವರ ಗಂಡ ಫೆಲಿಕ್ಸರಿಗೆ ಕೆನಡಾದ ಉತ್ತರದ ಒಂದು ನಗರದಲ್ಲಿ ಕೆಲಸ ಸಿಕ್ಕಿತು. "ಇಲ್ಲಿಯ ಸೆಕೆ ಸಾಕು ಮಾರಾಯ್ರೆ, ಇನ್ನು ಐಸಿನಲ್ಲಿ ಕೂತ್ಕೊಳ್ಳುದು," ಎಂದು ಲೀನಕ್ಕ ಕೊಕ್ಕೆಯನ್ನು ನನ್ನ ಕೈಗಿಟ್ಟು ಹೋದರು.

ಕಳೆದ ಬೇಸಿಗೆಯ ಒಂದು ಸಂಜೆ ಅವರ ವಿಡಿಯೋ ಕಾಲ್ ಬಂತು. ಅವರ ಹಿಂದಿನ ಕಿಟಕಿಯಲ್ಲಿ ಆಕಾಶವೆಲ್ಲ ಕೆಂಪು. "ಅಲ್ಲೂ ಧೂಳಾ ಅಕ್ಕಾ?" ಎಂದು ನಕ್ಕೆ.

"ಎಂತ ಧೂಳು! ಕಾಡಿಗೆ ಬೆಂಕಿ ಬಿದ್ದಿದೆ. ಇಡೀ ಊರು ಖಾಲಿ ಮಾಡ್ಲಿಕ್ಕೆ ಒಂದು ಗಂಟೆ ಕೊಟ್ಟಿದ್ದಾರೆ," ಎಂದವರೇ ಪೆಟ್ಟಿಗೆ ಎತ್ತಿ ಕಣ್ಣು ಮುಚ್ಚಿದರು. "ಮೂವತ್ತಮೂರು ಉಂಟು. ಎಂತ ತೆಗೀಲಿ, ಬೇಗ ಹೇಳಿ."

ಹೇಳಿದೆನಲ್ಲ ನಾನು! ಬೆಂಕಿ ಊರ ಬಾಗಿಲಿಗೆ ಬಂದಿರುವಾಗ ಒಳಗೆ ಏನೇನಿದೆ ಎಂದು ವಿಚಾರಿಸಿ, ಗಂಭೀರವಾಗಿ ತೀರ್ಪು ಕೊಟ್ಟೆ. "ಆ ಕಾವಲಿ ತೆಗೀರಿ ಅಕ್ಕ. ಕಬ್ಬಿಣ, ಅದೊಂದೇ ಮೂರು ಕಿಲೋ."

ಅದು ಅವರಮ್ಮನ ದೋಸೆ ಕಾವಲಿ. ಲೀನಕ್ಕ ಅದನ್ನೊಮ್ಮೆ ಕೈಯಿಂದ ಸವರಿ ಒಲೆಯ ಮೇಲಿಟ್ಟರು. ಹೊರಗೆ ಫೆಲಿಕ್ಸ್ ಕಾರಿನ ಹಾರ್ನ್ ಒತ್ತುತ್ತ, "ಯಲ್ಲಾ ಲೀನಾ, ಖಲಾಸ್!" ಎಂದು ಕತಾರಿನಲ್ಲಿ ಕಲಿತ ಅರಬ್ಬಿಯಲ್ಲೇ, ಸಾಕು ಹೊರಡೆಂದು ಕೂಗುತ್ತಿದ್ದರು.

ಹೆದ್ದಾರಿಯಲ್ಲಿ ಕಾರುಗಳ ಸಾಲಿನ ನಡುವೆ ಎರಡು ತಾಸು ಕಳೆದ ಮೇಲೆ ಫೆಲಿಕ್ಸ್ ಕೇಳಿದರಂತೆ: "ಅಲ್ಲ, ಕಾರಿಗೆ ಎಂತಕ್ಕೆ ತೂಕ?" ಲೀನಕ್ಕ ಫೋನಿನಲ್ಲಿ ಇದನ್ನು ಹೇಳಿ ನಕ್ಕರು. ನಾನೂ ನಕ್ಕೆ. ಹಿಂದಿನ ಸೀಟು ಪೂರ್ತಿ ಖಾಲಿಯಿತ್ತಂತೆ.

ನಾಲ್ಕನೆಯ ದಿನ ಮನೆ ಸುಟ್ಟ ಸುದ್ದಿ ಬಂತು. ನನಗೆ ಫೋನ್ ಮಾಡಲು ಮುಖವಿರಲಿಲ್ಲ. ಅಮ್ಮನ ಕಾವಲಿಯನ್ನು ಬೆಂಕಿಗೆ ಬಿಟ್ಟುಹೋಗಲು ಹೇಳಿದ ಪಂಡಿತ ನಾನೇ ತಾನೆ? ಎಷ್ಟೋ ವಾರಗಳ ಮೇಲೆ, ಊರಿಗೆ ಮರಳಲು ಬಿಟ್ಟಾಗ, ಅವರೇ ಒಂದು ಫೋಟೋ ಕಳಿಸಿದರು: ಬೂದಿಯ ನಡುವೆ ಕಾವಲಿ, ಒಂದು ಬದಿ ಸ್ವಲ್ಪ ಬಗ್ಗಿದೆ. ಜೊತೆಗೆ ಅವರ ಧ್ವನಿ: "ನೀವು ಹೇಳಿದ್ದು ಸರಿ ಮಾರಾಯ್ರೆ, ಮೂರೇ ಕಿಲೋ. ಈಗ ನಮ್ಮ ಇಡೀ ಮನೆಯೂ ಅಷ್ಟೇ."

ಈಗಿನ ಬಾಡಿಗೆ ಮನೆಯಲ್ಲಿ ಅದರ ಮೇಲೆಯೇ ದೋಸೆ. ಒಂದು ಬದಿ ದಪ್ಪ ಬರುತ್ತದಂತೆ, ದಪ್ಪ ಬಂದದ್ದೆಲ್ಲ ಫೆಲಿಕ್ಸರ ಪಾಲು.

ಇವತ್ತು ಕೊಕ್ಕೆ ಮೂವತ್ತೆರಡು ತೋರಿಸಿತು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, ತನ್ನಮ್ಮನಿಗೆ ತೋರಿಸಲು ಇಟ್ಟುಕೊಂಡಿದ್ದ ಮಕ್ಕಳ ಫೋಟೋ ಆಲ್ಬಮ್ಮನ್ನು ತಾನೇ ಹೊರಗೆ ತೆಗೆದಳು. ನಾನು ಅದನ್ನು ಮತ್ತೆ ಒಳಗಿಟ್ಟು, ನನ್ನ ಹೊಸ ಬೂಟುಗಳನ್ನು ತೆಗೆದೆ.

"ಏನ್ರೀ ಇದು, ಜ್ವರಾನಾ?" ಎಂದಳು.

"ಲೀನಕ್ಕನ ಕಾವಲಿ," ಎಂದೆ. ಅವಳು ಜಿಪ್ ಎಳೆದಳು.