ಮಾಶಾಬಿಯ ಕಡ್ಡಿ ಮತ್ತು ನಾರುಹುಣ್ಣಿನ ಬಾವಿ

ಹಳೇ ಹುಬ್ಬಳ್ಳಿಯ ಮಾಶಾಬಿ ಒಬ್ಬ ಹುಡುಗನ ಕಾಲಿನಿಂದ ತೆಗೆದ ನಾರುಹುಣ್ಣಿನ ಹುಳವನ್ನು ಬಿಡಿಸಿ ಹಾಸಿದರೆ ಅದು ಧಾರವಾಡ ಸ್ಟೇಶನ್ನು ಮುಟ್ಟುತ್ತದೆ. ಉಳಿದ ತುದಿಗೆ ಒಂದು ಎಮ್ಮೆ ಕಟ್ಟಬಹುದು. ಅಳೆದವನು ನಾನೇ, ಇದನ್ನು ಬರೆಯುತ್ತಿರುವ ಶಾಲೆಯ ಮಾಸ್ತರ.

ಬೆಳಕು ಹರಿಯುವ ಹೊತ್ತು. ಐದು ವರ್ಷದ ಬಸಣ್ಣ ತಾಯಿ ರತ್ನವ್ವನ ತೊಡೆಯ ಮೇಲೆ ಚೀರುತ್ತಿದ್ದಾನೆ; ಆ ಸದ್ದಿಗೆ ಕೇಶ್ವಾಪುರದ ಕಾಗೆಗಳೂ ಎದ್ದಿವೆ. ಅವನ ಮೀನಖಂಡದ ಹುಣ್ಣಿನಿಂದ ಬಿಳಿ ದಾರದಂಥ ಹುಳ ಇಣುಕಿದೆ. ಮಾಶಾಬಿ ಅದನ್ನು ಕಸಬರಿಗೆಯ ಕಡ್ಡಿಗೆ ಸುತ್ತುತ್ತಾಳೆ. ದಿನಕ್ಕೆ ಎರಡು ಬೆರಳಿನಷ್ಟು, ಅಷ್ಟೇ.

"ಇನ್ನೊಂದೀಟು ಎಳಿ ಯಕ್ಕಾ, ಕೂಸಿನ ಸಂಕಟ ನೋಡಾಕ ಆಗವಲ್ದು," ರತ್ನವ್ವ ಗೋಗರೆಯುತ್ತಾಳೆ.

"ಹಿರೀಮಗನ ಹುಳ ನೀನ ಎಳದು ಹರದಿ. ಅಂವ ಇವತ್ತಿಗೂ ಕುಂಟತಾನ. ಇವನೂ ಕುಂಟಬೇಕೇನು? ಸುಮ್ಕ ಕುಂದ್ರು!"

ಮಾಶಾಬಿ ಅತ್ತೆಯಿಂದ ಕಲಿತ ವಿದ್ಯೆ ಇದು. ಹೊಟ್ಟೆಪಾಡಿಗೆ ಕೌದಿ ಹೊಲಿಯುತ್ತಾಳೆ. ಈ ಬೇಸಿಗೆಯಲ್ಲಿ ಮೂವತ್ತೊಂದು ಮಕ್ಕಳ ಕಾಲು ಉಳಿಸಿದ್ದಾಳೆ. ಈ ಎಣಿಕೆ ಅವಳದು, ಆದ್ದರಿಂದ ನಂಬಬಹುದು.

ಇದೆಲ್ಲ ಓಣಿಯ ಮೆಟ್ಟಿಲ ಬಾವಿಯ ಕೊಡುಗೆ. ಹುಣ್ಣಿನ ಕಾಲಿನವರೂ ಅದರಲ್ಲಿಳಿದು ಕೊಡ ತುಂಬುತ್ತಾರೆ. ಹುಳ ನೀರಿನಲ್ಲಿ ಮರಿ ಬಿಡುತ್ತದೆ. ಆ ನೀರು ಕುಡಿದ ಕೂಸಿನ ಚರ್ಮ ಸೀಳಿಕೊಂಡು ಮುಂದಿನ ವರ್ಷ ಹುಳ ಹೊರಬೀಳುತ್ತದೆ. ಮೆಟ್ಟಿಲು ಮುಚ್ಚಿ, ಮೇಲಿನಿಂದಲೇ ನೀರು ಸೇದಲು ಗಡಗಡೆ ಹಾಕಿಸಿರೆಂದರೆ ಊರಿನ ದೊಡ್ಡವರು ಕಿವಿಗೆ ಅರಳೆ ತುಂಬಿಕೊಂಡು ಕೂತಿದ್ದಾರೆ. ಹುಬ್ಬಳ್ಳಿಯಲ್ಲಿ ಅರಳೆಗೇನು ಬರ! ನಾಚಿಕೆಗೆಟ್ಟವರು! ಇನ್ನು ಆ ನೀರಿಗೆ ಹುಣ್ಣಿನ ಕಾಲು ಇಳಿಬಿಡುವವರೋ? "ನನ್ನ ಕೈಗೆ ಸಿಗ್ಲಿ, ಕಾಲ ಮುರೀತೇನಿ!" ಎಂದು ಗುಡುಗುತ್ತೇನೆ.

ಮಾಶಾಬಿ ನನ್ನ ಬೂಟು ನೋಡುತ್ತಾಳೆ.

"ಮಾಸ್ತರ, ಬಂದಾಗಿಂದ ಎಡಗಾಲು ಊರವಲ್ರಿ. ಬೂಟು ಬಿಚ್ರಿ."

ಬಿಚ್ಚುತ್ತೇನೆ. ಒಳಗಿನ ಬಟ್ಟೆಪಟ್ಟಿ ಇನ್ನೂ ಒದ್ದೆ.

"ನಸಕಿನ್ಯಾಗ ಎಲ್ಲಿ ತೊಳದ್ರಿ?"

"ಉರಿ ತಡೀಲಿಲ್ಲವ್ವಾ... ಬಾವ್ಯಾಗ."

ರತ್ನವ್ವ ಈಗಷ್ಟೇ ಆ ಬಾವಿಯಿಂದ ತುಂಬಿ ತಂದ ಕೊಡ ಪಕ್ಕದಲ್ಲೇ ಇದೆ. ಮಾಶಾಬಿ ಅದನ್ನು ಎತ್ತಿ ಅಂಗಳಕ್ಕೆ ಸುರಿಯುತ್ತಾಳೆ.

"ಓದಿದವ್ರು ನೀವ ಹಿಂಗ ಮಾಡಿದ್ರ ಉಳದವ್ರಿಗೆ ಏನಂತ ಹೇಳೂನ್ರಿ? ಇದನ್ನೂ ಬರೀರಿ. ಒಂದ ಬ್ಯಾಸಗಿ ನನ್ನ ಕಡ್ಡಿಗೆ ಕೆಲಸ ಇಲ್ದಾಂಗ ಆಗ್ಲಿ, ನನಗಷ್ಟ ಸಾಕು."

ಬರೆದಿದ್ದೇನೆ. ಧಾರವಾಡ ಸುಳ್ಳು, ಎಮ್ಮೆಯೂ ಸುಳ್ಳು. ನಾನು ಅಳೆದ ಹುಳ ಒಂದೇ, ನನ್ನ ಎಡಗಾಲಿನದು. ಹೊರಗೆ ಬಂದದ್ದು ನಾಲ್ಕು ಬೆರಳು. ಅದರ ಮರಿಗಳು ಈಗ ಬಸಣ್ಣನ ಓಣಿಯ ಬಾವಿಯಲ್ಲಿವೆ.