ಕೊಂಬಿಗೊಬ್ಬರು, ಕಾಲಿಗೊಬ್ಬರು

ಕಳೆದ ವಾರ ಗರಾಜು ಗುಡಿಸಲು ಹೊರಟೆ. ಯಾರಿಗಾದರೂ ಕೊಟ್ಟುಬಿಡೋಣವೆಂದು ಬೇಡದ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಾಗ ಹಳೆಯ ಹಗ್ಗದ ಸುರುಳಿಯೊಂದು ಕೈಗೆ ಸಿಕ್ಕಿತು. ಮೂಗಿನ ಹತ್ತಿರ ತಂದೆ. ಮೇಣ, ಧೂಳು, ಕುದುರೆ ಬೆವರು ಎಲ್ಲ ಇನ್ನೂ ಅದರಲ್ಲೇ ಕೂತಿದ್ದವು. ನಲವತ್ತು ವರ್ಷದ ಮೇಲೂ ನನ್ನ ಹೊಟ್ಟೆ ಉರಿಯಿತು ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ.

ಎಂಬತ್ತರ ದಶಕದ ಮಾತು. ಸ್ಯಾನ್ ಹೋಸೆ ಊರಂಚಿನ ಎವರ್‌ಗ್ರೀನ್‌ನಲ್ಲಿ, ಗುಡ್ಡದ ಬುಡಕ್ಕೆ ನಮ್ಮ ಮನೆ. ಈಗ ಸಾಲುಮನೆಗಳಿರುವ ಕಡೆಯೆಲ್ಲ ಆಗ ಒಣ ಹುಲ್ಲು, ದನ, ಕುದುರೆ. ನಮ್ಮೆಜಮಾನರು ಇಂಜಿನಿಯರು, ಮೈಸೂರಿನ ಟಾಂಗಾ ಕುದುರೆಯನ್ನು ಬಿಟ್ಟರೆ ಬೇರೆ ಕುದುರೆಯ ಹತ್ತಿರ ಸುಳಿದವರಲ್ಲ. ಅವರ ಆಫೀಸಿನ ಕ್ಯಾರಲ್ ಎಂಬಾಕೆ ಒಂದು ಶನಿವಾರ ಗುಡ್ಡದ ಮೇಲೆ ದನ, ಕುದುರೆ ಸಾಕುವ ರ‍್ಯಾಂಚಿಗೆ ಕರೆದಳು. ಹೋದವರು ಎರಡು ವರ್ಷ ವಾಪಸ್ಸು ಬರಲಿಲ್ಲ. ಅಂದರೆ, ಊಟಕ್ಕೆ ಬರುತ್ತಿದ್ದರು, ಮನಸ್ಸು ಬರುತ್ತಿರಲಿಲ್ಲ.

ರೋಡಿಯೋ ಎಂಬ ಕೌಬಾಯ್ ಆಟಗಳ ಮೇಳದಲ್ಲಿ ಜೋಡಿಯಾಗಿ ಆಡುವ ಪಂದ್ಯವೊಂದಿದೆ. ಮೈ ತಿರುಗಿಸಲೂ ಜಾಗವಿಲ್ಲದ ಕಟಕಟೆಯಿಂದ ಎಳೆ ಹೋರಿಯೊಂದನ್ನು ಮೈದಾನಕ್ಕೆ ಬಿಡುತ್ತಾರೆ. ಒಬ್ಬರು ಕುದುರೆ ಓಡಿಸುತ್ತಲೇ ಅದರ ಕೊಂಬಿಗೆ ಕುಣಿಕೆ ಎಸೆದು, ಹಗ್ಗವನ್ನು ಜೀನಿನ ಮುಂದಿರುವ ಗೂಟಕ್ಕೆ ಸುತ್ತಿ, ಹೋರಿಯನ್ನು ಎಡಕ್ಕೆ ಎಳೆಯಬೇಕು. ಸುತ್ತುವಾಗ ಹೆಬ್ಬೆರಳು ಸಿಕ್ಕಿಕೊಂಡರೆ ಬೆರಳಿನ ಆಸೆ ಬಿಡಬೇಕು. ಆಗ ಇನ್ನೊಬ್ಬರು ಹಿಂದಿನಿಂದ ಬಂದು ಎರಡೂ ಹಿಂಗಾಲಿಗೆ ಕುಣಿಕೆ ಹಾಕಬೇಕು. ಒಂದೇ ಕಾಲು ಸಿಕ್ಕರೆ ಐದು ಸೆಕೆಂಡು ದಂಡ. ಇದೆಲ್ಲ ಹತ್ತು ಹನ್ನೆರಡು ಸೆಕೆಂಡಿನ ಕೆಲಸ, ಮಾತಾಡಲು ಪುರುಸೊತ್ತಿಲ್ಲ. ಕೊಂಬು ಇವರದು, ಕಾಲು ಕ್ಯಾರಲ್‌ಳದು.

ಇವರು ಹಗ್ಗ ಬೀಸಲು ಕಲಿತದ್ದು ನಮ್ಮ ಹಿತ್ತಲಿನಲ್ಲಿ, ನನ್ನ ಊಟದ ಮನೆಯ ಕುರ್ಚಿಗೆ ಗುರಿಯಿಟ್ಟು. "ಮಣಿಕಟ್ಟು ಸಡಿಲ ಇರ್ಬೇಕು, ಬಿಡೋವಾಗ ಅಂಗೈ ಪೂರ್ತಿ ತೆರೀಬೇಕು ಅಂತಾಳೆ ಕ್ಯಾರಲ್," ಎನ್ನುತ್ತಿದ್ದರು. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಮೂರು ಸಲ ಕೇಳಿದರೂ ಬಾಯಿ ಬಿಡದ ಮನುಷ್ಯ! ನಾನು ಏನು ಕೇಳಿದರೂ ಕೇಳಿಸಿಕೊಳ್ಳುವ ಮೊದಲೇ ಗೋಣಾಡಿಸುವುದು ಅವರ ಅಭ್ಯಾಸ. ಕ್ಯಾರಲ್‌ಳ ಮಾತು ಮಾತ್ರ ಬಾಯಿಪಾಠ.

ಅವಳು ಚೆಲುವೆಯೆಂದು ನನಗೆ ಹೊಟ್ಟೆಕಿಚ್ಚು ಎಂದುಕೊಳ್ಳಬೇಡಿ. ನನಗಿಂತ ಎಂಟು ವರ್ಷ ದೊಡ್ಡವಳು, ಬಿಸಿಲಿಗೆ ಮುಖ ಸುಕ್ಕಾಗಿತ್ತು. ನಮ್ಮ ಮನೆಗೆ ಬಂದರೆ ಚಿತ್ರಾನ್ನ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಬೈಯಲು ಒಂದು ಕಾರಣವನ್ನೂ ಕೊಡಲಿಲ್ಲವಲ್ಲ, ಅದೇ ನನ್ನ ಸಿಟ್ಟು. ಆದರೆ ಮೈದಾನದಲ್ಲಿ ಇವರ ಕುದುರೆ ತುಸು ವಾಲಿದರೂ ಅವಳಿಗೆ ತಿಳಿಯುತ್ತಿತ್ತು. ಅವಳು ಹಗ್ಗ ಎತ್ತುವ ಮೊದಲೇ ಇವರು ಹೋರಿಯನ್ನು ಅವಳಿಗೆ ಸಿಗುವಂತೆ ತಿರುಗಿಸಿರುತ್ತಿದ್ದರು. ಹನ್ನೊಂದು ವರ್ಷ ಸಂಸಾರ ಮಾಡಿದ್ದ ನನಗೆ ಅವರ ಮನಸ್ಸಿನಲ್ಲೇನಿದೆಯೆಂದು ಒಂದು ದಿನವೂ ಹಾಗೆ ತಿಳಿದಿರಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ಆಯ್ಕೆಯ ಪಂದ್ಯ ಬಂತು. ಗೆದ್ದ ಜೋಡಿ ದೊಡ್ಡ ರೋಡಿಯೋಗೆ ಹೋಗುತ್ತದೆ. ಇವರು ಹಿಂದಿನ ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ನಾನು ಮೊಸರನ್ನದ ಡಬ್ಬಿ, ನೀರಿನ ಬಾಟಲಿ ಹಿಡಿದು ಬೇಲಿಯ ಪಕ್ಕ ನಿಂತಿದ್ದೆ. ಕೊಂಬಿನವರು ತಲೆಯಾಡಿಸಿದರೆ ಕಟಕಟೆಯವನು ಬಾಗಿಲು ತೆಗೆಯುತ್ತಾನೆ, ಅದೊಂದೇ ಸನ್ನೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಕ್ಯಾರಲ್‌ಳ ಕುದುರೆ ಇನ್ನೂ ಸರಿಯಾಗಿ ನಿಂತಿರಲಿಲ್ಲ. ಇವರು ಅವಳನ್ನೇ ನೋಡುತ್ತ ಕಾಯುತ್ತಿದ್ದರು. ನನ್ನನ್ನು ಅಷ್ಟು ಗಮನವಿಟ್ಟು ಯಾವತ್ತೂ ನೋಡಿದವರಲ್ಲ.

"ರೀ, ನೀರು ಕುಡಿದ್ರಾ?" ಎಂದು ಕೂಗಿದೆ.

ಇವರು ಗೋಣಾಡಿಸಿದರು. ಬಾಗಿಲು ದಢಾರನೆ ತೆರೆಯಿತು. ಹೋರಿ ಅರ್ಧ ಮೈದಾನ ದಾಟಿದ ಮೇಲೆ ಇವರ ಕುದುರೆ ಹೊರಟಿತು. ಕುಣಿಕೆ ಬರಿಯ ನೆಲಕ್ಕೆ ಬಿತ್ತು.

"ನನ್ನದೇ ತಪ್ಪು, ಆತುರಪಟ್ಟೆ" ಎಂದು ಇವರು ಕ್ಯಾರಲ್‌ಗೆ ಇಂಗ್ಲಿಷಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ನಾನು ಮೊಸರನ್ನದ ಡಬ್ಬಿಯ ಮುಚ್ಚಳ ತೆಗೆದೆ. ಆಕೆ ಮುಂದಿನ ವರ್ಷ ಬೇರೆ ಜೊತೆಗಾರನನ್ನು ಹುಡುಕಿಕೊಂಡಳು. ಇವರು ಹಗ್ಗವನ್ನು ಗರಾಜಿನ ಮೊಳೆಗೆ ತೂಗುಹಾಕಿದರು. ಶನಿವಾರಗಳೆಲ್ಲ ನನ್ನವಾದವು, ಗೆದ್ದೆ ಅಂದುಕೊಂಡೆ. ಇವರು ಸೋಫಾದ ಮೇಲೆ ಕೂತು ಪೇಪರು ಓದಿದರು.

ಕಳೆದ ವಾರವೂ ಅದನ್ನೇ ಓದುತ್ತಿದ್ದರು. ಹಗ್ಗ ಹಿಡಿದು ಎದುರಿಗೆ ನಿಂತೆ.

"ಆವತ್ತು ನಾನು ಬೇಕೂಂತ್ಲೇ ಕೂಗಿದ್ದು ಕಣ್ರೀ."

"ಗೊತ್ತು," ಎಂದರು. "ನೀರಿನ ಬಾಟ್ಲು ನಿನ್ನ ಕೈಯಲ್ಲೇ ಇತ್ತಲ್ಲ."

"ಮತ್ತೆ ಇಷ್ಟು ವರ್ಷ ಒಂದು ಮಾತೂ ಕೇಳ್ಲಿಲ್ವಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ."

ಊಟದ ಮನೆಯ ಕುರ್ಚಿಯೊಂದನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಹಾಕಿದೆ. ಇವರು ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದರು. ಎರಡು ಸಲ ಗುರಿ ತಪ್ಪಿತು. ಮೂರನೆಯ ಸಲ ಕುಣಿಕೆ ಕುರ್ಚಿಯ ಬೆನ್ನಿಗೆ ಸರಿಯಾಗಿ ಬಿತ್ತು. ಅವರ ಅಂಗೈ ಪೂರ್ತಿ ತೆರೆದಿತ್ತು, ಕ್ಯಾರಲ್ ಹೇಳಿಕೊಟ್ಟಂತೆಯೇ.

ಹೊಟ್ಟೆ ಉರಿಯಿತು. ಕುಣಿಕೆ ಬಿಡಿಸಿ, ಹಗ್ಗವನ್ನು ಮತ್ತೆ ಅವರ ಕೈಗೆ ಕೊಟ್ಟೆ.